ಸೋಫಿ ಆಲ್ಬಮ್ 'ಮಿಕ್ಸಿ ಸದ್ದು' ಅಂದವರಿಗೆ: ಮೊದಲು ಸ್ಪೀಕರ್ ನೋಡಿ, ಆಮೇಲೆ ಜಗಳ

ನಮ್ಮ ಗುಂಪಿನಲ್ಲಿ ಪ್ರಶ್ನೆ ಕೇಳಿದವರು ಬರೆದದ್ದು ಇಷ್ಟು. ಎಲೆಕ್ಟ್ರಾನಿಕ್ ಪಾಪ್ ಸಂಗೀತ ಮಾಡಿದ ಸೋಫಿಯ 2018ರ ಆಲ್ಬಮ್ 'ಆಯಿಲ್ ಆಫ್ ಎವೆರಿ ಪರ್ಲ್ಸ್ ಅನ್-ಇನ್‌ಸೈಡ್ಸ್' ಹಾಕಿದರು. ಮೊದಲ ಹಾಡು ಹಿಡಿಸಿತು. ಎರಡನೆಯದು ಶುರುವಾದ ಕೂಡಲೇ ಸ್ಪೀಕರ್ ಹರಿದ ಹಾಗಾಯಿತು. ಇದನ್ನು ಜನ ಯಾಕೆ ತಲೆ ಮೇಲೆ ಹೊತ್ತು ಕುಣಿಯುತ್ತಾರೆ ಅಂತ ಕೇಳಿದ್ದಾರೆ. ಅದಕ್ಕೆ ಒಬ್ಬರು ಮಿಕ್ಸಿ ಜಾರಿಗೆ ಚಮಚ ಬಿದ್ದ ಸದ್ದು ಅಂದರು. ಇನ್ನೊಬ್ಬರು ಹತ್ತು ವರ್ಷಕ್ಕೊಂದು ಬರುವ ಆಲ್ಬಮ್ ಅಂದರು. ಮೃದಂಗ ನುಡಿಸುವ ಸದಸ್ಯರೊಬ್ಬರು "ತಾಳ ಸಿಗುತ್ತದೆ, ಶ್ರುತಿ ಸಿಗುವುದಿಲ್ಲ" ಅಂದರು. ನನ್ನ ಪ್ರಕಾರ ಈ ಮೂರನೆಯದೇ ಚುರುಕಾದ ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸ್ಪೀಕರ್ ಕಥೆ. ನಾನೂ ಇದೇ ಹಳ್ಳಕ್ಕೆ ಬಿದ್ದವನು. ಆ ಎರಡನೆಯ ಹಾಡು, 'ಪೋನಿಬಾಯ್', ಮೊದಲ ಸಲ ಹಾಕಿದ್ದು ರಾತ್ರಿ ಹನ್ನೊಂದಕ್ಕೆ. ಹದಿನೈದು ಸೆಕೆಂಡಿನಲ್ಲಿ ಎದ್ದು ಹೋಗಿ ಆಂಪ್ಲಿಫೈಯರ್ ಆಫ್ ಮಾಡಿದೆ. ಸ್ಕ್ರೂಡ್ರೈವರ್ ತಂದು ವೂಫರ್, ಅಂದರೆ ತಗ್ಗು ಸದ್ದು (ಬೇಸ್) ನುಡಿಸುವ ದೊಡ್ಡ ಸ್ಪೀಕರ್, ಬಿಚ್ಚಿದೆ. ಅದುರುವ ಕೋನ್ ಚೆನ್ನಾಗಿತ್ತು, ಅಂಚಿನ ರಬ್ಬರ್ ಚೆನ್ನಾಗಿತ್ತು. ಆದರೂ ನಂಬಿಕೆ ಬರಲಿಲ್ಲ. ಭಾನುವಾರ ರಿಪೇರಿಯವರ ಹತ್ತಿರ ಹೊತ್ತುಕೊಂಡು ಹೋದೆ. ಅವರು ಒಂದು ಹಳೆಯ ಭಾವಗೀತೆ ಹಾಕಿ ಕೇಳಿಸಿ, "ಸರ್, ಸ್ಪೀಕರ್ ಸರಿ ಇದೆ, ನಿಮ್ಮ ಹಾಡೇ ಹರಿದಿದೆ" ಅಂದರು. ದುಡ್ಡು ತಗೊಳ್ಳಲಿಲ್ಲ, ಮರ್ಯಾದೆ ತಗೊಂಡರು.

ನಿಮಗೆ ಈ ಓಡಾಟ ಬೇಡ. ಟೋನ್ ಜನರೇಟರ್ ಆಪ್ ಒಂದನ್ನು ಹಾಕಿಕೊಂಡು 60 ಹರ್ಟ್ಜ್‌ನ (ಸೆಕೆಂಡಿಗೆ 60 ಕಂಪನ) ಸೈನ್ ಟೋನ್, ಅಂದರೆ ಉಪಸ್ವರ ಇಲ್ಲದ ಶುದ್ಧ ಸ್ವರ, ಸಣ್ಣ ವಾಲ್ಯೂಮಿನಲ್ಲಿ ಬಿಡಿ. ನಿಧಾನಕ್ಕೆ 200ರವರೆಗೆ ಏರಿಸಿ. ನಯವಾದ 'ಹೂಂ' ಬಂದರೆ ಸ್ಪೀಕರ್ ಸರಿ ಇದೆ. ನಡುವೆ ಎಲ್ಲೋ ಗರಗರ, ಕಟಕಟ ಅಂದರೆ ಮಾತ್ರ ಕೋನ್ ಅಥವಾ ಅದನ್ನು ಅದುರಿಸುವ ಕಾಯಿಲ್ ಮೇಲೆ ಅನುಮಾನ ಪಡಿ. ಪಕ್ಕದ ಶೋಕೇಸ್ ಗಾಜು ಅದುರಿದರೆ ಅದನ್ನು ಸ್ಪೀಕರ್ ತಲೆಗೆ ಕಟ್ಟಬೇಡಿ.

ಫೋನಿನ ಸ್ಪೀಕರಿನಲ್ಲಿ ಕೇಳಿ ಅಭಿಪ್ರಾಯ ಹೇಳಿದವರು ಇಲ್ಲಿ ಜಾಸ್ತಿ ಇದ್ದಾರೆ ಅಂತ ನನ್ನ ಅನುಮಾನ. ಅಷ್ಟು ಚಿಕ್ಕ ಸ್ಪೀಕರಿನಲ್ಲಿ 200 ಹರ್ಟ್ಜ್‌ಗಿಂತ ಕೆಳಗಿನದು ಹೆಚ್ಚೇನೂ ಹೊರಗೆ ಬರುವುದಿಲ್ಲ. ಈ ಆಲ್ಬಮ್‌ನ ಬೇಸ್ ಇರುವುದೇ ಅಲ್ಲಿ. ಬೇಸನ್ನು ಬೇಕಂತಲೇ ಡಿಸ್ಟಾರ್ಟ್ ಮಾಡಿದ್ದಾರೆ, ಅಂದರೆ ಹರಿದ ಹಾಗೆ ಒರಟು ಮಾಡಿದ್ದಾರೆ. ಹಾಗೆ ಮಾಡಿದಾಗ ಮೂಲ ಸ್ವರದ ಮೇಲೆ ಹಾರ್ಮೋನಿಕ್‌ಗಳ, ಅಂದರೆ ಉಪಸ್ವರಗಳ, ರಾಶಿ ಬೆಳೆಯುತ್ತದೆ. ಫೋನ್ ಆ ಮೇಲಿನ ರಾಶಿಯನ್ನಷ್ಟೇ ಕೇಳಿಸುತ್ತದೆ, ಕೆಳಗಿನ ಮೈಯನ್ನು ನುಂಗಿಬಿಡುತ್ತದೆ. ಒಗ್ಗರಣೆ ಬಂತು, ಸಾರು ಬರಲಿಲ್ಲ. ಬರೀ ಒಗ್ಗರಣೆ ತಿಂದರೆ ಬಾಯಿ ಉರಿಯದೆ ಇನ್ನೇನಾಗುತ್ತದೆ?

ಹಾಗಾಗಿ ಒಂದು ಸಾಧಾರಣ ವೈರ್ಡ್ ಹೆಡ್‌ಫೋನ್ ಸಾಕು, ದುಬಾರಿಯದು ಬೇಡ. ಬೇಸ್ ಬೂಸ್ಟ್, 'ಲೌಡ್‌ನೆಸ್', 3ಡಿ ಎಲ್ಲ ಆಫ್ ಮಾಡಿ. ಕ್ರಾಸ್‌ಫೇಡ್ (ಒಂದು ಹಾಡನ್ನು ಇನ್ನೊಂದರೊಳಗೆ ಕರಗಿಸುವುದು) ಮತ್ತು ಶಫಲ್ ಕೂಡ ಆಫ್. ವಾಲ್ಯೂಮ್ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಮೊದಲ ಹಾಡು ಮೆತ್ತಗಿದೆ ಅಂತ ಏರಿಸಬೇಡಿ. ಎಲ್ಲರೂ ಅಲ್ಲೇ ಏರಿಸುತ್ತಾರೆ, ಎರಡನೆಯದರಲ್ಲಿ ಒದೆ ತಿನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್, ಅದೂ ವಾರಕ್ಕೆ 40 ಗಂಟೆ. ಎರಡನೇ ಹಾಡಿನ ಗಟ್ಟಿ ಭಾಗ ಹಾಕಿ ಅದಕ್ಕೆ ವಾಲ್ಯೂಮ್ ಹೊಂದಿಸಿ, ಆಮೇಲೆ ಮೊದಲಿನಿಂದ ಶುರು ಮಾಡಿ. ಇನ್ನೊಂದು ಮಾತು, 'ಪೋನಿಬಾಯ್' ಸಾಹಿತ್ಯ ಮನೆಯ ಹಾಲ್‌ನಲ್ಲಿ ಹಿರಿಯರ ಮುಂದೆ ಹಾಕುವಂಥದ್ದಲ್ಲ. ಹೆಡ್‌ಫೋನಿಗೆ ಅದೂ ಒಂದು ಕಾರಣ.

ಈಗ ಸದ್ದಿನ ವಿಚಾರ. ಸೋಫಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಬೆಳೆದವರು. 2013ರ 'ಬಿಪ್', 2014ರ 'ಲೆಮನೇಡ್' ಬಂದಾಗ ಮುಖ ತೋರಿಸಿರಲಿಲ್ಲ, ಸಂದರ್ಶನಗಳಲ್ಲೂ ದನಿ ಮರೆಸುತ್ತಿದ್ದರು. 2017ರ ಅಕ್ಟೋಬರಿನಲ್ಲಿ 'ಇಟ್ಸ್ ಓಕೆ ಟು ಕ್ರೈ' ವಿಡಿಯೋದಲ್ಲಿ ಮೊದಲ ಬಾರಿಗೆ ತಮ್ಮ ಮುಖ, ತಮ್ಮದೇ ದನಿ ಎರಡನ್ನೂ ಮುಂದಿಟ್ಟರು. ಟ್ರಾನ್ಸ್ ಮಹಿಳೆಯಾಗಿ ಜನ ಅವರನ್ನು ಕಂಡದ್ದು ಆಗ. ಅದೇ ಹಾಡು ಈ ಆಲ್ಬಮ್‌ನಲ್ಲಿ ಮೊದಲನೆಯದು. ಬೇರೆಯವರ ರೆಕಾರ್ಡಿಂಗ್ ತುಂಡು ಮಾಡಿ ಬಳಸುವ ಬದಲು ಸದ್ದನ್ನು ಬುಡದಿಂದ ಕಟ್ಟುವುದು ಅವರ ಪದ್ಧತಿ. ಎಲೆಕ್ಟ್ರಾನ್ ಕಂಪನಿಯ ಮೊನೊಮಷೀನ್ ಅನ್ನುವ ಸಿಂಥ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಅವರ ಕೈಗೆ ಒಗ್ಗಿದ ಆಯುಧ. ರಬ್ಬರ್ ಎಳೆದರೆ, ತಗಡು ಬಗ್ಗಿದರೆ, ಗುಳ್ಳೆ ಒಡೆದರೆ ಏನು ಸದ್ದು ಬರುತ್ತದೋ ಅದನ್ನು ಬರೀ ವೇವ್‌ಫಾರಂನಿಂದ, ಅಂದರೆ ಅಲೆಯ ಆಕಾರದಿಂದ, ತಯಾರಿಸುವುದು.

ಇದನ್ನು ಓದಿ ತಲೆಯಾಡಿಸುವ ಬದಲು ಒಂದು ಸಲ ಮಾಡಿ ನೋಡಿ. ವೈಟಲ್ ಅನ್ನುವ ಕಂಪ್ಯೂಟರ್ ಸಿಂಥ್ ಪುಕ್ಕಟೆ ಸಿಗುತ್ತದೆ. ಒಂದೇ ಆಸಿಲೇಟರ್ (ಸ್ವರ ಹುಟ್ಟಿಸುವ ಭಾಗ) ಇಡಿ, ಸೈನ್ ವೇವ್ ಆರಿಸಿ. ಒಂದು ಎನ್ವಲಪ್ (ಸಮಯಕ್ಕೆ ತಕ್ಕ ಏರಿಳಿತ) ತೆಗೆದುಕೊಂಡು ಪಿಚ್‌ಗೆ, ಅಂದರೆ ಸ್ವರದ ಎತ್ತರಕ್ಕೆ, ಜೋಡಿಸಿ, ಎರಡು ಆಕ್ಟೇವ್ ಮೇಲಕ್ಕೆ ಓಡುವ ಹಾಗೆ. ಅಟ್ಯಾಕ್, ಅಂದರೆ ಏರಲು ಹಿಡಿಯುವ ಸಮಯ, 70 ಮಿಲಿಸೆಕೆಂಡ್ ಆಸುಪಾಸು. ಸದ್ದು 100 ಮಿಲಿಸೆಕೆಂಡಿನಲ್ಲಿ ಮುಗಿದುಹೋಗಲಿ. ಕೀ ಒತ್ತಿದರೆ 'ಬ್ಲುಪ್'. ನಲ್ಲಿ ಕೆಳಗಿಟ್ಟ ಕೊಡ ತುಂಬುತ್ತಾ ಬಂದ ಹಾಗೆ ಸದ್ದು ಮೇಲೇರುತ್ತದಲ್ಲ, ಅದೇ ಏರಿಕೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿದ ಹಾಗೆ. ಅಟ್ಯಾಕನ್ನು 20ಕ್ಕೆ ಇಳಿಸಿದರೆ ಗುಳ್ಳೆ ಹೋಗಿ ಚಿಟಿಕೆ ಆಗುತ್ತದೆ. 300ಕ್ಕೆ ಏರಿಸಿ, ಸದ್ದನ್ನೂ ಅಷ್ಟೇ ಉದ್ದ ಮಾಡಿದರೆ ಬಲೂನ್ ತಿಕ್ಕಿದ ಹಾಗೆ. ನಾನು ಒಂದು ಸಂಜೆಯೆಲ್ಲ ಈ ಒಂದೇ ಗುಂಡಿ ತಿರುಗಿಸುತ್ತಾ ಕೂತಿದ್ದೆ. ಮಗಳು ಬಂದು ಮೀನಿನ ತೊಟ್ಟಿ ತಂದಿರಾ ಅಂತ ಕೇಳಿದಳು.

ಮೃದಂಗದವರ ಮಾತಿಗೆ ಈಗ ಬಂದೆ. ಶ್ರುತಿ ಸಿಗುವುದಿಲ್ಲ ಅಂದದ್ದು ನಿಜ, ಅದಕ್ಕೆ ಲೆಕ್ಕವೂ ಇದೆ. ಬರೀ ಚರ್ಮ ಎಳೆದು ಕಟ್ಟಿ ಬಡಿದರೆ ಬರುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಬರೀ ದಬದಬ. ನಿಮ್ಮ ಮೃದಂಗದ ಬಲದ ಮುಚ್ಚಿಗೆಯ ನಡುವೆ ಕರಣೆ (ಕಪ್ಪು ಲೇಪ) ಇರುವುದರಿಂದಲೇ ಅವು 1, 2, 3 ಅಂತ ಸಾಲಾಗಿ ನಿಂತು ಶ್ರುತಿ ಕೊಡುತ್ತವೆ. ಸಿ.ವಿ. ರಾಮನ್ 1920ರಲ್ಲೇ ಇದನ್ನು ಬರೆದರು, 1934ರಲ್ಲಿ ಬೆಂಗಳೂರಿನಲ್ಲಿದ್ದಾಗ ಇನ್ನಷ್ಟು ವಿವರವಾಗಿ. ಮೂರನೆಯ ಹಾಡು 'ಫೇಸ್‌ಶಾಪಿಂಗ್'ನ ಲೋಹದ ಬಡಿತ ಕೇಳಿದರೆ ಇದೇ ದಾರಿಯಲ್ಲಿ ತಿರುಗಿ ನಡೆದ ಹಾಗಿದೆ. ನೀವೇ ಮಾಡಿ ನೋಡಬಹುದು: ವೈಟಲ್‌ನಲ್ಲಿ ಒಂದು ಆಸಿಲೇಟರಿನಿಂದ ಇನ್ನೊಂದನ್ನು ಎಫ್‌ಎಂ ಮಾಡಿ, ಅಂದರೆ ಒಂದರ ಕಂಪನದಿಂದ ಇನ್ನೊಂದರ ಸ್ವರವನ್ನು ಕುಲುಕಿಸಿ. ಎರಡರ ಅನುಪಾತ 1:2 ಇದ್ದರೆ ಸುಶ್ರಾವ್ಯ. 1:1.41 ಮಾಡಿದರೆ ಉಪಸ್ವರಗಳು ದಿಕ್ಕಾಪಾಲಾಗಿ ಪಾತ್ರೆ ಬಿದ್ದ ಸದ್ದು. ಅಂದರೆ ಶ್ರುತಿ ಸಿಗದಿರುವುದು ಅಪಘಾತ ಅಲ್ಲ. ಕರಣೆಯನ್ನು ಕೆರೆದು ತೆಗೆದ ಮೃದಂಗ ಅದು. ಅದು ನಿಮಗೆ ಇಷ್ಟವಾಗಲೇಬೇಕು ಅಂತ ನಾನು ಹೇಳುತ್ತಿಲ್ಲ.

ಇಷ್ಟವಾಗದಿದ್ದರೆ ಎಲ್ಲಿ ಅನ್ನುವುದನ್ನಾದರೂ ಹಾಡಿನ ಹೆಸರು ಹಿಡಿದು ಹೇಳೋಣ. ಒಟ್ಟು ಒಂಬತ್ತು ಹಾಡು, ಸುಮಾರು 40 ನಿಮಿಷ. ನನಗೆ 'ಇನ್‌ಫ್ಯಾಚುಯೇಶನ್' ಎಳೆದ ಹಾಗೆ ಅನಿಸುತ್ತದೆ. ಕೊನೆಯದು ಒಂಬತ್ತು ನಿಮಿಷ, ಅದರ ಬಾಲ ಅರ್ಧ ಕತ್ತರಿಸಿದ್ದರೂ ನಷ್ಟ ಇರಲಿಲ್ಲ. ಆದರೆ ನಾಲ್ಕನೆಯ 'ಇಸ್ ಇಟ್ ಕೋಲ್ಡ್ ಇನ್ ದಿ ವಾಟರ್?' ಕೇಳಿ. ಡ್ರಮ್ ಇಲ್ಲ, ಸಿಂಥ್‌ನ ಅಲೆ ಮೇಲೆ ಅಲೆ, ಗಾಯಕಿ ಸೆಸಿಲ್ ಬಿಲೀವ್ ಅವರ ದನಿ. ಅಲೆ ಈಗ ಒಡೆಯುತ್ತದೆ, ಈಗ ಬೀಟ್ ಬೀಳುತ್ತದೆ ಅಂತ ಕಾಯುತ್ತಲೇ ಇರುತ್ತೇವೆ, ಬೀಳುವುದೇ ಇಲ್ಲ. ಏಳನೆಯ 'ಪ್ರಿಟೆಂಡಿಂಗ್' ಸುಮಾರು ಆರು ನಿಮಿಷದ ಮಂಜು. ಇದನ್ನು ಬೇಜಾರು ಅಂತ ಸ್ಕಿಪ್ ಮಾಡಿದವರು ಇಲ್ಲಿ ಮೂರು ಜನ ಇದ್ದೀರಿ. ದಯವಿಟ್ಟು ಮಾಡಬೇಡಿ. ಆ ಮಂಜಿನೊಳಗಿಂದ ನೇರವಾಗಿ 'ಇಮ್ಮೆಟೀರಿಯಲ್' ಎದ್ದು ಬರುತ್ತದೆ. ಅದು ಅಪ್ಪಟ ಪಾಪ್, ಮದುವೆ ಆರ್ಕೆಸ್ಟ್ರಾದವರೂ ನುಡಿಸಬಹುದಾದಷ್ಟು ಸರಳ. ಕತ್ತಲೆ ಕೋಣೆಯಿಂದ ಹೊರಗೆ ಬಂದವರಿಗೆ ಮಾತ್ರ ಬಿಸಿಲು ಅಷ್ಟು ಕಣ್ಣು ಕುಕ್ಕುವುದು, ಅಲ್ವಾ?

ಅಭಿಪ್ರಾಯ ಬದಲಾಗುವುದು ನಾಚಿಕೆಯ ವಿಷಯವೂ ಅಲ್ಲ. ಬ್ರಿಟಿಷ್ ಪಾಪ್ ಗಾಯಕಿ ಚಾರ್ಲಿ ಎಕ್ಸ್‌ಸಿಎಕ್ಸ್ ಜೊತೆ ಸೋಫಿ ಮಾಡಿದ 'ವ್ರೂಮ್ ವ್ರೂಮ್' 2016ರಲ್ಲಿ ಬಂದಾಗ ಪಿಚ್‌ಫೋರ್ಕ್ ಸಂಗೀತ ಪತ್ರಿಕೆ ಹತ್ತಕ್ಕೆ 4.5 ಕೊಟ್ಟಿತ್ತು. 2021ರಲ್ಲಿ ಅದೇ ಪತ್ರಿಕೆ ತಾನೇ ತಿದ್ದಿಕೊಂಡು 7.8 ಮಾಡಿತು. ಅದೇ ವರ್ಷ ಜನವರಿ 30ರಂದು ಅಥೆನ್ಸ್‌ನಲ್ಲಿ ಹುಣ್ಣಿಮೆ ಚಂದ್ರನನ್ನು ನೋಡಲು ಮೇಲೆ ಹತ್ತಿ, ಜಾರಿ ಬಿದ್ದು ಸೋಫಿ ತೀರಿಕೊಂಡಿದ್ದರು. ಈ ಆಲ್ಬಮ್ ಗ್ರ್ಯಾಮಿಗೆ ನಾಮನಿರ್ದೇಶನ ಆಗಿತ್ತು, ಗೆಲ್ಲಲಿಲ್ಲ.

ಮೇಲೆ ಯಾರೋ ಮುಂಬೈಯ ವಾದ್ಯಗಾರ ಚರಣ್‌ಜಿತ್ ಸಿಂಗ್ ಅವರ 1982ರ ಹತ್ತು ರಾಗಗಳ ಡಿಸ್ಕೋ ಎಲ್‌ಪಿ ತಂದು ಇದಕ್ಕೆ ಹೋಲಿಸಿದ್ದೀರಿ. ಆಗ ಯಾರೂ ಕೇಳದೆ 2010ರಲ್ಲಿ ಮತ್ತೆ ಬಂದ ಮೇಲೆ ಹೆಸರಾಯಿತು ಅನ್ನುವಷ್ಟು ಹೋಲಿಕೆ ಸರಿ. ಆದರೆ ಅವರು ಹೊಸ ಯಂತ್ರದ ಮೇಲೆ ಹಳೆಯ ರಾಗ ಕೂರಿಸಿದರು. ಸೋಫಿ ರಾಗದ ಗೋಜಿಗೇ ಹೋಗಲಿಲ್ಲ, ತಗಡು ಮತ್ತು ರಬ್ಬರನ್ನೇ ಹಾಡಿಸಿದರು. ಎರಡೂ ಬೇರೆ ಕೆಲಸ.

ಪ್ರಶ್ನೆ ಕೇಳಿದವರು ಹೀಗೆ ಮಾಡಿ. ಮೊದಲು ಏಳು ಮತ್ತು ಎಂಟನ್ನು ಒಟ್ಟಿಗೆ ಕೇಳಿ. ಮಾರನೇ ದಿನ ನಾಲ್ಕನೆಯದು. ಮೂರನೇ ದಿನ ಮೊದಲಿನಿಂದ ಪೂರ್ತಿ, ಎರಡನೆಯದನ್ನೂ ಬಿಡದೆ. ಆಮೇಲೂ ಮಿಕ್ಸಿ ಅನಿಸಿದರೆ ಮಿಕ್ಸಿ ಅಂತಲೇ ಬರೆಯಿರಿ, ನಾನು ವಾದಕ್ಕೆ ಬರುವುದಿಲ್ಲ. ವೈಟಲ್‌ನಲ್ಲಿ ಗುಳ್ಳೆ ಸದ್ದು ಮಾಡಿದವರು ಫೈಲ್ ಹಾಕಿ. ಇನ್ನು ಆ 60 ಹರ್ಟ್ಜ್ ಪರೀಕ್ಷೆಯಲ್ಲಿ ನಿಜವಾಗಿಯೂ ಗರಗರ ಅಂದರೆ ವೂಫರಿನ ಅಳತೆ, ಹಿಂಬದಿಯ ಫೋಟೋ ಎರಡನ್ನೂ ಇಲ್ಲೇ ಹಾಕಿ. ರಬ್ಬರ್ ಬದಲಿಸಿದರೆ ಸಾಕಾ, ಕಾಯಿಲ್ ಹೋಗಿದೆಯಾ ಅಂತ ನೋಡಿ ಹೇಳುತ್ತೇನೆ.