ಸಂಪಾದಕರ ಉತ್ತರ: ಅಗ್ಗದ ಕೌಬಾಯ್‌ಗಳಿಗೆ ಎರಡು ಪುಟ ಹೆಚ್ಚಾಯಿತೇ?

ಶಿವಮೊಗ್ಗದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಹಾಲಿವುಡ್ಡಿನ ಕೌಬಾಯ್ ಚಿತ್ರಗಳ ಲೇಖನ ಓದಿದೆ. ಜಾನ್ ಫೋರ್ಡ್‌ಗೆ ಒಂದು ಪ್ಯಾರಾ, ವಾರದಲ್ಲಿ ಸುತ್ತಿ ಮುಗಿಸಿದ ಅಗ್ಗದ ಚಿತ್ರಗಳಿಗೆ ಎರಡು ಪುಟ! ಅದೇ ಕಥೆ, ಅದೇ ಬಂಡೆ, ಹಾಡುವ ಕೌಬಾಯ್, ಸಾಯುವುದಕ್ಕೆಂದೇ ಬರುವ ಮೂಲನಿವಾಸಿಗಳು, ಮುಗ್ಗರಿಸುವ ಕುದುರೆಗಳು. ಇದರಿಂದ ಕನ್ನಡದ ಓದುಗನಿಗೇನು ಲಾಭ? ನನಗಂತೂ 'ಸ್ಟೇಜ್‌ಕೋಚ್' ಒಂದೇ ಸಾಕು. ಅದರ ಬೆನ್ನಟ್ಟುವ ದೃಶ್ಯ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನಿಮ್ಮ ಹಟಕ್ಕೆ ಒಂದು ನೋಡಲೇಬೇಕೆಂದರೆ ಯಾವುದರಿಂದ ಶುರು ಮಾಡಲಿ?"

ಮಾನ್ಯರೇ, ಜಗಳಕ್ಕೆ ಬಂದವರು ಕತ್ತಿಯನ್ನೂ ನನ್ನ ಕೈಗೇ ಕೊಟ್ಟಿದ್ದೀರಿ. ಜಾನ್ ಫೋರ್ಡ್ ನಿರ್ದೇಶಿಸಿದ 1939ರ 'ಸ್ಟೇಜ್‌ಕೋಚ್'ನಲ್ಲಿ ನಿಮ್ಮ ಕಣ್ಣಿಗೆ ಕಟ್ಟಿದ ಆ ದೃಶ್ಯವನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಅಪಾಚೆ ಎಂಬ ಮೂಲನಿವಾಸಿ ಬುಡಕಟ್ಟಿನ ಸವಾರನೊಬ್ಬ ತನ್ನ ಕುದುರೆಯಿಂದ ಪ್ರಯಾಣಿಕರ ಗಾಡಿಯ ಮುಂಜೋಡಿಯ ಮೇಲೆ ಹಾರುತ್ತಾನೆ. ಗುಂಡು ತಗಲುತ್ತದೆ. ಎರಡು ಕುದುರೆಗಳ ನಡುವೆ ಜಾರಿ, ಮೂಕಿಗೆ ಜೋತುಬಿದ್ದು, ಬೆನ್ನು ನೆಲಕ್ಕೆ ಉಜ್ಜುತ್ತಾ ಸಾಗುತ್ತಾನೆ. ಆಮೇಲೆ ಕೈಬಿಡುತ್ತಾನೆ. ಹಿಂದಿನ ಜೋಡಿಗಳ ಗೊರಸುಗಳು ಅವನ ಎರಡೂ ಮಗ್ಗುಲಲ್ಲಿ ಬಡಿಯುತ್ತಾ ಹೋಗುತ್ತವೆ, ಇಡೀ ಗಾಡಿ ಅವನ ಮೇಲೆ ಹಾದುಹೋಗುತ್ತದೆ. ಹಿಂದೆ ದೂಳಿನಲ್ಲಿ ಬಿದ್ದವನು ಮೈ ಅಲುಗಿಸುತ್ತಾನೆ. ಬಿದ್ದದ್ದು ಬೊಂಬೆಯಲ್ಲ ಎಂದು ನಮಗೆ ಗೊತ್ತಾಗುವುದು ಆಗಲೇ.

ಆ ಸವಾರ ಯಾಕಿಮಾ ಕನಟ್ ಎಂಬ ಸಾಹಸ ಕಲಾವಿದ. ಅದೇ ದೃಶ್ಯದಲ್ಲಿ ನಾಯಕ ಜಾನ್ ವೇನ್ ಕುದುರೆಯಿಂದ ಕುದುರೆಗೆ ಜಿಗಿಯುತ್ತಾನಲ್ಲ, ಅದೂ ಕನಟ್‌ನೇ, ವೇನ್‌ನ ಬದಲಿಗೆ. ಕೌಬಾಯ್‌ಗಳ ಸವಾರಿ ಪಂದ್ಯವಾದ ರೋಡಿಯೋ ಕಣದಲ್ಲಿ ಗೆದ್ದು ಸಿನಿಮಾಕ್ಕೆ ಬಂದ ಈ ಮನುಷ್ಯ ಗಾಡಿಯ ಕೆಳಗೆ ಜಾರುವ ಆ ಸಾಹಸವನ್ನು ಪಳಗಿಸಿಕೊಂಡದ್ದು ಫೋರ್ಡ್‌ನ ಅಂಗಳದಲ್ಲಿ ಅಲ್ಲ; ನೀವು ಮೂಗು ಮುರಿಯುವ ಆ ಅಗ್ಗದ ಚಿತ್ರಗಳಲ್ಲಿ. ನೀವು ಚಪ್ಪಾಳೆ ತಟ್ಟಿದ್ದು ಬಡವರ ಮನೆಯ ಅಡುಗೆಗೆ, ಹೊಗಳಿದ್ದು ಬಡಿಸಿದವರನ್ನು.

ನಿಮ್ಮ ಆಕ್ಷೇಪಗಳಲ್ಲಿ ಹುರುಳಿಲ್ಲ ಎನ್ನುವುದಿಲ್ಲ. ಕಥೆಗಳು ಒಂದರ ನೆರಳು ಇನ್ನೊಂದು. ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್ ಬಳಿಯ ಐವರ್ಸನ್ ರಾಂಚಿನ (ರಾಂಚೆಂದರೆ ಜಾನುವಾರು ಸಾಕುವ ವಿಶಾಲ ಜಮೀನು) ಬಂಡೆಗಳು ಆ ಕಾಲದ ಎಷ್ಟೋ ನಟರಿಗಿಂತ ಹೆಚ್ಚು ಬಾರಿ ತೆರೆಯ ಮೇಲೆ ಬಂದಿವೆ. ಮೂಲನಿವಾಸಿಗಳನ್ನು ತೋರಿಸಿದ ರೀತಿಗೆ ಕ್ಷಮೆಯಿಲ್ಲ. ಕುದುರೆಯ ಮುಂಗಾಲಿಗೆ ತಂತಿ ಬಿಗಿದು ಓಟದ ನಡುವೆ ಕೆಡವುವ ಕ್ರೌರ್ಯವೂ ನಿಜ. ಕನಟ್ ಕೂಡ ಆ ತಂತ್ರ ಬಳಸಿದವನೇ. ಒಪ್ಪಿದೆ. ಆದರೆ ಅಪಾಚೆಗಳ ವೇಷ ಹಾಕಿಸಿ ನವಾಹೋ ಎಂಬ ಬೇರೆ ಬುಡಕಟ್ಟಿನ ಜನರನ್ನು ಓಡಿಸಿದ್ದು ನಿಮ್ಮ 'ಸ್ಟೇಜ್‌ಕೋಚ್'. ಕುದುರೆಗಳ ಪರವಾಗಿ ಅಮೆರಿಕ ಸಿಡಿದೆದ್ದದ್ದು ಅದೇ 1939ರ 'ಜೆಸ್ಸಿ ಜೇಮ್ಸ್' ಎಂಬ ದೊಡ್ಡ ಸ್ಟುಡಿಯೋದ ಬಣ್ಣದ ಚಿತ್ರದಲ್ಲಿ ಕುದುರೆಯನ್ನು ಬಂಡೆಯಂಚಿನಿಂದ ನೀರಿಗೆ ಬೀಳಿಸಿದ ಮೇಲೆ. ಪಾಪದಲ್ಲಿ ಶ್ರೀಮಂತರಿಗೂ ಸಮಪಾಲಿದೆ ಸ್ವಾಮಿ, ಬೈಗುಳ ಮಾತ್ರ ಬಡವರ ಪಾಲಿಗೆ.

ಈ ಚಿತ್ರಗಳ ಲೆಕ್ಕಾಚಾರವನ್ನು ತುಸು ಕೇಳಿ. ಆರ್ಥಿಕ ಕುಸಿತದ ದಿನಗಳಲ್ಲಿ ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವ ಪದ್ಧತಿ ಬಲವಾಯಿತು. ಎರಡನೆಯದಕ್ಕೆ ಚಿತ್ರಮಂದಿರ ಕೊಡುತ್ತಿದ್ದುದು ಗಳಿಕೆಯ ಪಾಲಲ್ಲ, ನಿಗದಿತ ಬಾಡಿಗೆ. ಚಿತ್ರ ಎಷ್ಟೇ ಚೆನ್ನಾಗಿ ಓಡಿದರೂ ನಿರ್ಮಾಪಕನಿಗೆ ಬರುವುದು ಅಷ್ಟೇ. ಹಾಗಾಗಿ ಖರ್ಚಿನ ಗೆರೆ ಚಿತ್ರೀಕರಣಕ್ಕೆ ಮೊದಲೇ ಎಳೆದಾಗಿರುತ್ತಿತ್ತು: ಹತ್ತು ಹದಿನೈದು ಸಾವಿರ ಡಾಲರ್, ಒಂದು ವಾರ, ಒಂದು ಗಂಟೆಗೂ ಕಡಿಮೆ ಉದ್ದ. ಇಂಥ ಕಂಪನಿಗಳು ಸೇರಿದ್ದ ಹಾಲಿವುಡ್ಡಿನ ಸನ್ಸೆಟ್ ಮತ್ತು ಗೌವರ್ ರಸ್ತೆಗಳ ಆಸುಪಾಸಿಗೆ 'ಪಾವರ್ಟಿ ರೋ', ಅಂದರೆ ಬಡತನದ ಸಾಲು, ಎಂದೇ ಹೆಸರು. ಹುಲ್ಲುಗಾವಲಿನ ಕೆಲಸ ಕಳೆದುಕೊಂಡ ನಿಜವಾದ ಕೌಬಾಯ್‌ಗಳು ತಮ್ಮದೇ ಟೊಪ್ಪಿ, ತಮ್ಮದೇ ಬೂಟು ತೊಟ್ಟು ಆ ಮೂಲೆಯಲ್ಲಿ ದಿನಗೂಲಿಗೆ ಕಾಯುತ್ತಿದ್ದರು. ಜನ ಆ ಜಾಗವನ್ನು 'ಗೌವರ್ ಗಲ್ಚ್' ಎಂದು ಕರೆದರು.

ಜಾನ್ ವೇನ್‌ನ ಪಾಠಶಾಲೆಯೂ ಅದೇ. 1930ರ 'ದಿ ಬಿಗ್ ಟ್ರೇಲ್' ಎಂಬ ಭಾರೀ ಚಿತ್ರ ಮಕಾಡೆ ಮಲಗಿದ ಮೇಲೆ ದೊಡ್ಡವರು ಅವನತ್ತ ತಿರುಗಿ ನೋಡಲಿಲ್ಲ. 1933ರಿಂದ 1935ರವರೆಗೆ ಮೊನೊಗ್ರಾಮ್ ಕಂಪನಿ ಹಂಚಿದ, ಲೋನ್ ಸ್ಟಾರ್ ಸಂಸ್ಥೆಯ ಅಗ್ಗದ ಚಿತ್ರಗಳೇ ಅವನಿಗೆ ಅನ್ನ ಕೊಟ್ಟವು. ಒಟ್ಟು ಹದಿನಾರು. ನಿರ್ದೇಶಕ ರಾಬರ್ಟ್ ಬ್ರಾಡ್‌ಬರಿ, ಕನಟ್ ಮತ್ತು ವೇನ್ ಸೇರಿ ಹೊಡೆದಾಟಕ್ಕೆ ಹೊಸ ವರಸೆ ಕಟ್ಟಿದ್ದು ಅಲ್ಲಿ. ಅದಕ್ಕೂ ಮೊದಲು ನಟರು ಭುಜಕ್ಕೆ, ತೋಳಿಗೆ ಗುದ್ದಿಕೊಳ್ಳುತ್ತಿದ್ದರು. ನೋಡುವವರಿಗೆ ಅದು ಸುಳ್ಳೆಂದು ತಿಳಿಯುತ್ತಿತ್ತು. ಇವರು ಮುಷ್ಟಿಯನ್ನು ಮುಖದ ಮುಂದಿನಿಂದ ಬೀಸಿ ದಾಟಿಸಿದರು, ಕ್ಯಾಮೆರಾವನ್ನು ಏಟು ಬಿದ್ದಂತೆ ಕಾಣುವ ಕೋನದಲ್ಲಿ ಇಟ್ಟರು, ಹೊಡೆಸಿಕೊಳ್ಳುವವನು ಸರಿಯಾದ ಕ್ಷಣಕ್ಕೆ ತಲೆ ಹೊರಳಿಸಿದ. ಇಂದಿಗೂ ನಮ್ಮ ಸಾಹಸ ನಿರ್ದೇಶಕರು ಮಾಡಿಸುತ್ತಿರುವುದು ಬಹುಪಾಲು ಇದನ್ನೇ. ವೇನ್‌ನ ನಡಿಗೆ, ತಡೆದು ತಡೆದು ಆಡುವ ಮಾತು ಕೂಡ ಕನಟ್‌ನಿಂದ ಬಂದದ್ದೆಂಬ ಮಾತಿದೆ. ಅಕಾಡೆಮಿಗೆ ಕನಟ್‌ನ ನೆನಪಾಗಿ ಗೌರವ ಆಸ್ಕರ್ ಕೈಗೆ ಬರುವಷ್ಟರಲ್ಲಿ ಅವನಿಗೆ ಎಪ್ಪತ್ತು ದಾಟಿತ್ತು. 'ಬೆನ್-ಹರ್'ನ ರಥದ ಓಟ ನೋಡಿ ಬೆರಗಾದವರಲ್ಲಿ ಎಷ್ಟು ಮಂದಿಗೆ ಅದನ್ನು ರೂಪಿಸಿದವರಲ್ಲಿ ಇವನೂ ಒಬ್ಬನೆಂದು ಗೊತ್ತು?

ಹಾಡುವ ಕೌಬಾಯ್ ಎಂದು ಗೇಲಿ ಮಾಡಿದ್ದೀರಿ. ಜೀನ್ ಆಟ್ರಿ ಓಕ್ಲಹೋಮಾದಲ್ಲಿ ರೈಲ್ವೆಯ ತಂತಿ ಕಚೇರಿಯಲ್ಲಿದ್ದವನು. 1935ರಲ್ಲಿ ಹುಟ್ಟಿದ ರಿಪಬ್ಲಿಕ್ ಕಂಪನಿಯ ಗಲ್ಲಾಪೆಟ್ಟಿಗೆ ತುಂಬಿಸಿದವನು ಅವನೇ. ತನ್ನ ಚಿತ್ರ ಬೇಕೆಂದರೆ ಕಂಪನಿಯ ಉಳಿದ ಸರಕನ್ನೂ ಕೊಳ್ಳಲೇಬೇಕೆಂದು ಸಣ್ಣ ಊರಿನ ಚಿತ್ರಮಂದಿರದವರನ್ನು ಕಟ್ಟಿಹಾಕುತ್ತಿದ್ದಾರೆಂದು ತಿಳಿದಾಗ ಅವನು ಜಗಳ ತೆಗೆದು ಹೊರನಡೆದ. ತನ್ನ ಸಂಬಳದ ಸಿಟ್ಟೂ ಅದರಲ್ಲಿ ಬೆರೆತಿತ್ತೆನ್ನಿ. ಕಂಪನಿಯೇನು ಕಣ್ಣೀರು ಹಾಕಲಿಲ್ಲ. ಲಿಯೊನಾರ್ಡ್ ಸ್ಲೈ ಎಂಬ ಗಾಯಕನಿಗೆ ರಾಯ್ ರಾಜರ್ಸ್ ಎಂದು ಹೆಸರಿಟ್ಟು 1938ರಲ್ಲಿ ಕುದುರೆ ಹತ್ತಿಸಿತು.

ಇನ್ನೊಬ್ಬನನ್ನು ನೀವು ಕೇಳಿಯೇ ಇರಲಾರಿರಿ: ಹರ್ಬ್ ಜೆಫ್ರೀಸ್. ಕಪ್ಪು ಜನರಿಗೆ ಬೇರೆಯೇ ಬಾಗಿಲು, ಬೇರೆಯೇ ಚಿತ್ರಮಂದಿರ ಇದ್ದ ಕಾಲದಲ್ಲಿ 1937ರಿಂದ 1939ರ ನಡುವೆ ಕಪ್ಪು ಕೌಬಾಯ್ ನಾಯಕನಾಗಿ ಹಾಡಿದ, ಗುಂಡು ಹಾರಿಸಿದ, ಗೆದ್ದ. ವಿಕ್ಟರ್‌ವಿಲ್ ಬಳಿ ಕಪ್ಪು ದಂಪತಿ ನಡೆಸುತ್ತಿದ್ದ ರಾಂಚಿನಲ್ಲಿ ಅವನ ಚಿತ್ರಗಳ ಚಿತ್ರೀಕರಣ ನಡೆಯಿತು. ದೊಡ್ಡ ಸ್ಟುಡಿಯೋಗಳು ಕನಸಿನಲ್ಲೂ ಎಣಿಸದಿದ್ದುದನ್ನು ಈ ಚಿಲ್ಲರೆ ದುಡ್ಡಿನ ಚಿತ್ರಗಳು ಮಾಡಿ ತೋರಿಸಿದವು. ಇದಕ್ಕೆ ಎರಡು ಪುಟ ಹೆಚ್ಚೇ?

ಲಾಭವೇನು ಎಂದು ಕೇಳಿದಿರಿ. ಆ ಪ್ರಶ್ನೆಯೇ ನನಗೆ ನೋವುಂಟುಮಾಡುತ್ತದೆ. ಪ್ರಶಸ್ತಿಯ ಮೊಹರು ಬಿದ್ದದ್ದನ್ನು ಮಾತ್ರ ಜೋಪಾನ ಮಾಡಿ ಮಿಕ್ಕದ್ದನ್ನು ಗುಜರಿಗೆ ಹಾಕುವ ಚಾಳಿ ನಮಗೆ ಅಂಟಿಕೊಂಡಿದೆ. 1937ರಲ್ಲಿ ನ್ಯೂಜೆರ್ಸಿಯ ಲಿಟ್ಲ್ ಫೆರ್ರಿಯಲ್ಲಿ ಫಾಕ್ಸ್ ಕಂಪನಿಯ ಉಗ್ರಾಣಕ್ಕೆ ಬೆಂಕಿ ಬಿದ್ದು, ಟಾಮ್ ಮಿಕ್ಸ್ ಕುದುರೆ ಟೋನಿಯೊಂದಿಗೆ ಮೆರೆದ ಮೂಕಿ ಚಿತ್ರಗಳಲ್ಲಿ ಹೆಚ್ಚಿನವು ಬೂದಿಯಾದವು. ಒಂದು ಕಾಲಕ್ಕೆ ಅಮೆರಿಕದ ಹುಡುಗರೆಲ್ಲ ಆರಾಧಿಸಿದ ನಟನನ್ನು ಇಂದು ಅಳಿದುಳಿದ ರೀಲುಗಳಲ್ಲಿ ಹುಡುಕಬೇಕು. ನಾವೇನು ಕಡಿಮೆಯೇ? 1934ರ 'ಸತಿ ಸುಲೋಚನ', ತೆರೆ ಕಂಡ ಮೊದಲ ಕನ್ನಡ ವಾಕ್ಚಿತ್ರ, ಅದರ ಪ್ರತಿಯೇ ನಮ್ಮಲ್ಲಿ ಇಲ್ಲ. ಬಾಡಿಗೆ ಪುಸ್ತಕದಂಗಡಿಗಳಲ್ಲಿ ಕೈಯಿಂದ ಕೈಗೆ ದಾಟಿ ಸವೆದ ಪತ್ತೇದಾರಿ ಕಾದಂಬರಿಗಳು ಎಷ್ಟು ಸಾವಿರ ಮಂದಿಗೆ ಓದುವ ಚಟ ಹತ್ತಿಸಲಿಲ್ಲ! ಸಾಹಿತ್ಯ ಚರಿತ್ರೆಯಲ್ಲಿ ಅವಕ್ಕೆ ಅರ್ಧ ಸಾಲು. ನಿಮ್ಮ ಅಕ್ಷರದ ದುಂಡು, ವಾಕ್ಯದ ಬಿಗಿ ನೋಡಿದರೆ ನೀವೂ ಹರೆಯದಲ್ಲಿ ಪಠ್ಯಪುಸ್ತಕದ ನಡುವೆ ಅಂಥದ್ದೊಂದನ್ನು ಬಚ್ಚಿಟ್ಟು ಓದಿದವರೇ ಎಂಬ ಗುಮಾನಿ ನನಗಿದೆ.

ಸರಿ, ಕೊನೆಯ ಪ್ರಶ್ನೆ. ಲೋನ್ ಸ್ಟಾರ್ ಸರಣಿಯ ಮೊದಲ ಚಿತ್ರ 'ರೈಡರ್ಸ್ ಆಫ್ ಡೆಸ್ಟಿನಿ'ಯಿಂದ ಶುರು ಮಾಡಿ. 1933ರದು. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ, ಊಟಕ್ಕೆ ಮುಂಚೆ ನೋಡಿ ಮುಗಿಸಬಹುದು. ಅದರಲ್ಲಿ ಜಾನ್ ವೇನ್ ಹಾಡುತ್ತಾನೆ. ದನಿ ಬೇರೆಯವರದು, ಮುಜುಗರ ಮಾತ್ರ ಅವನದೇ. ಎಷ್ಟು ಬೇಕಾದರೂ ನಗಿ. ಕುದುರೆ ಓಡಲು ಶುರುವಾದಾಗ ಮಾತ್ರ ಸವಾರರ ಮೈಯ ಮೇಲೆ ಕಣ್ಣಿಡಿ.

ಫೋರ್ಡ್‌ಗೆ ಅನ್ಯಾಯವಾಯಿತೆಂಬ ದೂರು ಉಳಿಯಿತು. ಆ ಲೇಖನ ನೀವೇ ಬರೆಯಿರಿ. ಎಂಟುನೂರು ಪದ, ಮುಂದಿನ ತಿಂಗಳ ಹತ್ತರೊಳಗೆ. ಕನಟ್‌ನ ಹೆಸರು ಬಿಟ್ಟರೆ ವಾಪಸು ಕಳಿಸುತ್ತೇನೆ.

— ಸಂ.