ನಷ್ಟ ಯಾರಿಗೆ, ಮೇಷ್ಟ್ರೇ?

ಮೈಸೂರಿನ ಕುವೆಂಪುನಗರದಿಂದ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿ ಐದು ತಿಂಗಳು ಇದ್ದು ಬಂದವರು. ಮೊಮ್ಮಗನ ಹುಟ್ಟುಹಬ್ಬಕ್ಕೆ ಶೂ ಕೊಡಿಸಲು ಅಲ್ಲಿನ ಒಂದು ಸಣ್ಣ ಆನ್‌ಲೈನ್ ಕ್ರೀಡಾ ಅಂಗಡಿಯಲ್ಲಿ ತಮ್ಮ ಇಲ್ಲಿನ ಕಾರ್ಡಿನಿಂದ ದುಡ್ಡು ಕಟ್ಟಿದರಂತೆ. ಒಟಿಪಿ ಕೇಳಲಿಲ್ಲ. ನಂಬರ್ ಹಾಕಿದ ಕೂಡಲೇ ಆರ್ಡರ್ ಆಯಿತು. ಮರುದಿನ ಅಂಗಡಿಯಿಂದ ಮೇಲ್ ಬಂತು. ಕಾರ್ಡು ನಿಮ್ಮದೇ ಅಂತ ಖಾತ್ರಿ ಮಾಡಿಕೊಳ್ಳಬೇಕು, ದಯವಿಟ್ಟು ಒಂದು ಫೋನ್ ಮಾಡಿ ಅಂತ. ಮೇಷ್ಟ್ರಿಗೆ ಸಿಟ್ಟು ಬಂತು. ಆರ್ಡರ್ ಕ್ಯಾನ್ಸಲ್ ಮಾಡಿ, ದೊಡ್ಡ ಕಂಪನಿಯೊಂದರ ಸೈಟಿನಲ್ಲಿ ಅದೇ ಶೂ ತರಿಸಿದರು.

ಪತ್ರದ ಕೊನೆಯಲ್ಲಿ ಹೀಗೆ ಬರೆದಿದ್ದಾರೆ: “ಮೂವತ್ತೈದು ವರ್ಷ ಪಾಠ ಹೇಳಿದವನನ್ನು ಕಳ್ಳನ ಹಾಗೆ ನೋಡಿದರು. ಊರಿಗೆ ಬಂದರೆ ಇಲ್ಲಿ ಎಲ್ಲದಕ್ಕೂ ಒಟಿಪಿ. ಕಾರ್ಡು ಕದ್ದರೂ ಬ್ಯಾಂಕು ದುಡ್ಡು ವಾಪಸ್ ಕೊಡುತ್ತದೆ. ಹಾಗಾದರೆ ನಷ್ಟ ಯಾರಿಗೆ? ಸುಮ್ನೆ ಯಾಕೆ ಇಷ್ಟು ಅನುಮಾನ?”

ಮೇಷ್ಟ್ರೇ, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಒಟಿಪಿಯ ಕಾಟವೂ ಗೊತ್ತು. ಮಲೆನಾಡಿನಲ್ಲಿ ಒಟಿಪಿ ಬರಲಿ ಅಂತ ಮೊಬೈಲ್ ಹಿಡಿದು ಗುಡ್ಡ ಹತ್ತುವವರನ್ನು ನೋಡಿದ್ದೇನೆ. ಅದು ಬರುವಷ್ಟರಲ್ಲಿ ಟೈಮ್ ಮುಗಿದಿರುತ್ತದೆ. ಫೋನಿನಲ್ಲಿ ನಯವಾಗಿ ಮಾತಾಡಿ ಒಟಿಪಿಯನ್ನೇ ಕಸಿಯುವವರೂ ಇದ್ದಾರೆ. ಅಷ್ಟರಮಟ್ಟಿಗೆ ನೀವು ಹೇಳುವುದು ಸರಿ.

ಆದರೆ “ನಷ್ಟ ಯಾರಿಗೆ” ಅಂತ ಕೇಳಿದಿರಲ್ಲ, ಅದಕ್ಕೆ ಉತ್ತರ ನನ್ನ ಅಕ್ಕನ ಮನೆಯಲ್ಲೇ ಇದೆ.

ಅಕ್ಕನ ಮಗ ಡಾಲಸ್ ಹತ್ತಿರ ಇದ್ದಾನೆ. ಹಗಲು ಕಂಪನಿ ಕೆಲಸ, ರಾತ್ರಿ ಗ್ಯಾರೇಜಿನಲ್ಲಿ ಕ್ರಿಕೆಟ್ ಸಾಮಾನಿನ ಆನ್‌ಲೈನ್ ಅಂಗಡಿ. ಬ್ಯಾಟುಗಳು ಮೀರತ್‌ನಿಂದ ಬರುತ್ತವೆ. 2024ರ ಜೂನ್ 6ರಂದು ಅಮೆರಿಕದ ತಂಡ ಸೂಪರ್ ಓವರ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿತಲ್ಲ, ಆ ಗ್ರ್ಯಾಂಡ್ ಪ್ರೇರಿ ಮೈದಾನ ಅವನಿಗೆ ಹತ್ತಿರವೇ. ಆ ತಿಂಗಳು ಅವನ ವ್ಯಾಪಾರ ಜೋರಾಗಿತ್ತು.

ಆಗ ಬಂದ ಆರ್ಡರುಗಳಲ್ಲಿ ಒಂದು ಇಂಗ್ಲಿಷ್ ವಿಲೋ ಬ್ಯಾಟಿಗೆ, ನಾನೂರು ಡಾಲರಿಗೂ ಜಾಸ್ತಿ. ಆಡುವುದಕ್ಕೆ ತಯಾರು ಮಾಡಿ ಕಳಿಸಿ ಅಂತ ಕೇಳಿದ್ದರು. ಹೊಸ ಬ್ಯಾಟನ್ನು ನೇರ ಆಟಕ್ಕೆ ಇಳಿಸಿದರೆ ಬಿರುಕು ಬಿಡುತ್ತದೆ. ಮೊದಲು ಎಣ್ಣೆ ಹಚ್ಚಬೇಕು, ಒಣಗಲು ಬಿಡಬೇಕು, ಆಮೇಲೆ ಮರದ ಸುತ್ತಿಗೆಯಿಂದ ಗಂಟೆಗಟ್ಟಲೆ ತಟ್ಟಬೇಕು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಅಂಚುಗಳಿಗೆ ಓರೆಯಾಗಿ. ಮಗು ಮಲಗಿದ ಮೇಲೆ ಗ್ಯಾರೇಜಿನ ಬಾಗಿಲು ಹಾಕಿಕೊಂಡು ಎರಡು ರಾತ್ರಿ ಕೂತು ತಟ್ಟಿದ್ದಾನೆ. ನಾನು ಅದೇ ವೇಳೆಗೆ ವಿಡಿಯೋ ಕಾಲ್ ಮಾಡಿದ್ದೆ. ಮಾತಿನ ನಡುವೆಯೂ ಟಕ್ ಟಕ್ ನಿಲ್ಲಲಿಲ್ಲ. “ಸದ್ದು ಬದಲಾಗುತ್ತೆ ಮಾಮ, ಕೇಳಿ, ಆಗ ಬ್ಯಾಟು ರೆಡಿ ಅಂತ ಅರ್ಥ” ಅಂದ.

ಏಳು ವಾರ ಆದಮೇಲೆ ಬ್ಯಾಂಕಿನಿಂದ ಸೂಚನೆ ಬಂತು. ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನವರು ದೂರು ಕೊಟ್ಟಾಗ ಅಂಗಡಿಗೆ ಬಂದ ದುಡ್ಡನ್ನು ವಾಪಸ್ ಕಿತ್ತುಕೊಳ್ಳುವುದು. ಬೇರೊಂದು ರಾಜ್ಯದಲ್ಲಿ ಯಾರೋ, ಈ ಬ್ಯಾಟು ನಾನು ಕೊಂಡಿಲ್ಲ, ಕಾರ್ಡಿನ ನಂಬರ್ ಕದ್ದಿದ್ದಾರೆ ಅಂತ ದೂರು ಕೊಟ್ಟಿದ್ದರು. ಅವರು ಹೇಳಿದ್ದು ನಿಜವೇ. ಬ್ಯಾಂಕು ಅವರಿಗೆ ದುಡ್ಡು ವಾಪಸ್ ಕೊಟ್ಟಿತು. ಎಲ್ಲಿಂದ ಕೊಟ್ಟಿತು? ನನ್ನ ಸೋದರಳಿಯನ ಖಾತೆಯಿಂದ ತೆಗೆದು ಕೊಟ್ಟಿತು. ಅದರ ಮೇಲೆ ದಂಡದ ಹಾಗೆ ಒಂದು ಶುಲ್ಕವನ್ನೂ ಹಾಕಿತು. ಪಾರ್ಸೆಲ್ ತಲುಪಿದ ರಸೀದಿ ಕಳಿಸಿದ. ಉಪಯೋಗವಾಗಲಿಲ್ಲ. ಪಾರ್ಸೆಲ್ ತಲುಪಿತೋ ಇಲ್ಲವೋ ಅನ್ನುವುದು ಅಲ್ಲಿ ಪ್ರಶ್ನೆಯೇ ಅಲ್ಲ. ಕಾರ್ಡಿನ ಯಜಮಾನ ಒಪ್ಪಿದ್ದರೇ ಅನ್ನುವುದಷ್ಟೇ ಪ್ರಶ್ನೆ.

ಅವನ ಹತ್ತಿರ ಉಳಿದದ್ದು ಒಂದು ವಿಳಾಸ, ಹ್ಯೂಸ್ಟನ್‌ನದು. ಒಂದು ಕಾಗದ ಬರೆದು ಹಾಕಿದ. ವಾರದಲ್ಲಿ ಫೋನ್ ಬಂತು. ಆ ಕಡೆ ಇದ್ದದ್ದು ಹೈದರಾಬಾದಿನಿಂದ ಹೋಗಿ ನೆಲೆಸಿದ ಒಬ್ಬ ತಂದೆ. ಮಗನಿಗೆ ಹನ್ನೆರಡು ವರ್ಷ. ಅವರು ಹರಾಜಿನ ಸೈಟೊಂದರಲ್ಲಿ ಅರ್ಧ ಬೆಲೆಗೆ ಹೊಸ ಬ್ಯಾಟು ಇದೆ ಅಂತ ನೋಡಿ ಕೇಳಿದಷ್ಟು ದುಡ್ಡು ಕೊಟ್ಟೇ ಕೊಂಡಿದ್ದರು. ಬ್ಯಾಟು ಮನೆಗೆ ಬಂದಿತ್ತು. ಮಗ ಆಡುತ್ತಿದ್ದ.

ಕಳ್ಳ ಮಾಡಿದ್ದು ಇಷ್ಟು ಮೇಷ್ಟ್ರೇ. ತನ್ನ ಹತ್ತಿರ ಇಲ್ಲದ ಬ್ಯಾಟನ್ನು ಅರ್ಧ ಬೆಲೆಗೆ ಮಾರಾಟಕ್ಕಿಟ್ಟ. ಆ ತಂದೆ ಕೊಟ್ಟ ನಿಜವಾದ ದುಡ್ಡನ್ನು ಜೇಬಿಗೆ ಹಾಕಿಕೊಂಡ. ಕದ್ದ ಕಾರ್ಡಿನ ನಂಬರಿನಿಂದ ನಮ್ಮ ಹುಡುಗನ ಅಂಗಡಿಯಲ್ಲಿ ಬ್ಯಾಟು ಆರ್ಡರ್ ಮಾಡಿ ಹ್ಯೂಸ್ಟನ್‌ಗೆ ಕಳಿಸಿ ಅಂದ. ಬ್ಯಾಟನ್ನು ಅವನು ಮುಟ್ಟಿಲ್ಲ, ಕಣ್ಣಿನಿಂದ ನೋಡಿಯೂ ಇಲ್ಲ. ಮೂರು ಜನ ಪ್ರಾಮಾಣಿಕರು, ಮೂರು ಊರಿನಲ್ಲಿ. ನಡುವೆ ಕೂತವನು ಯಾರು, ಯಾವ ದೇಶದವನು, ಇವತ್ತಿಗೂ ಗೊತ್ತಿಲ್ಲ. ಈ ಮೋಸ ಅಲ್ಲಿನ ವ್ಯಾಪಾರಿಗಳಿಗೆ ಎಷ್ಟು ಪರಿಚಿತ ಅಂದರೆ, ಮೂರು ಮೂಲೆ ಇರುವುದರಿಂದ ಅದಕ್ಕೆ ‘ಟ್ರಯಾಂಗ್ಯುಲೇಶನ್’ ಅಂತ ಹೆಸರೇ ಇಟ್ಟಿದ್ದಾರೆ.

ಆ ತಂದೆ, ಬ್ಯಾಟು ವಾಪಸ್ ಕಳಿಸುತ್ತೇನೆ ಅಂದರಂತೆ. ಅದರ ಮೇಲೆ ಆಗಲೇ ಚೆಂಡಿನ ಕೆಂಪು ಗುರುತು ಬಿದ್ದಿತ್ತು. ಬೇಡ, ಹುಡುಗ ಆಡಲಿ ಅಂದ ನಮ್ಮವನು.

ಈಗ ಲೆಕ್ಕ ಹಾಕಿ. ಕಾರ್ಡಿನ ಯಜಮಾನರಿಗೆ ನಷ್ಟ ಇಲ್ಲ. ಅಮೆರಿಕದಲ್ಲಿ ದಶಕಗಳಿಂದ ಕಾನೂನೇ ಇದೆ, ಕ್ರೆಡಿಟ್ ಕಾರ್ಡ್ ದುರುಪಯೋಗವಾದರೆ ಗ್ರಾಹಕನ ಹೊಣೆ ಹೆಚ್ಚೆಂದರೆ 50 ಡಾಲರ್. ಅಷ್ಟನ್ನೂ ಸಾಮಾನ್ಯವಾಗಿ ವಸೂಲಿ ಮಾಡುವುದಿಲ್ಲ. ಒಳ್ಳೆಯ ಕಾನೂನು, ನಾನು ಬೇಡ ಅನ್ನುವುದಿಲ್ಲ. ಬ್ಯಾಂಕಿಗೂ ನಷ್ಟ ಇಲ್ಲ. ಕಾರ್ಡನ್ನು ಕೈಯಲ್ಲಿ ಹಿಡಿದು ಚಿಪ್ ಹಾಕಿ ಕೊಂಡಿದ್ದರೆ ಸಾಮಾನ್ಯವಾಗಿ ಬ್ಯಾಂಕೇ ಹೊರಬೇಕಿತ್ತು. ಬರೀ ನಂಬರ್ ಹಾಕಿ ಕೊಂಡರೆ ಹೊಣೆ ಅಂಗಡಿಯವನ ತಲೆಗೆ. ಬ್ಯಾಟು, ಕೊರಿಯರ್ ಖರ್ಚು, ಬಂದ ದುಡ್ಡು, ಮೇಲೆ ಶುಲ್ಕ, ಎರಡು ರಾತ್ರಿಯ ಕೆಲಸ. ಎಲ್ಲ ಅವನದೇ. ಇಂಥ ದೂರುಗಳು ಜಾಸ್ತಿಯಾದರೆ ಕಾರ್ಡಿನಲ್ಲಿ ದುಡ್ಡು ತೆಗೆದುಕೊಳ್ಳುವ ಸೌಲಭ್ಯವನ್ನೇ ಕಿತ್ತುಕೊಳ್ಳಬಹುದು. ಆಮೇಲೆ ಅಂಗಡಿಗೆ ಬೀಗ.

ಹೊಲದ ಬೇಲಿ ಒಂದು ಕಡೆ ಗಟ್ಟಿ ಮಾಡಿದರೆ ದನ ಇನ್ನೊಂದು ಕಡೆಯಿಂದ ನುಗ್ಗುತ್ತದೆ. 2006ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಅಂಗಡಿಗಳಲ್ಲಿ ಚಿಪ್ ಮತ್ತು ಪಿನ್ ಕಡ್ಡಾಯದಂತಾಯಿತು. ಅಮೆರಿಕದಲ್ಲಿ 2015ರ ಅಕ್ಟೋಬರ್‌ನಿಂದ ಚಿಪ್ ಯಂತ್ರ ಇಡದ ಅಂಗಡಿಯವನೇ ನಕಲಿ ಕಾರ್ಡಿನ ನಷ್ಟ ಹೊರಬೇಕು ಅಂತ ಆಯಿತು. ನಕಲಿ ಕಾರ್ಡು ಹಿಡಿದು ಕೌಂಟರಿಗೆ ಬರುತ್ತಿದ್ದವರು ಎರಡು ಕಡೆಯೂ ಇಂಟರ್ನೆಟ್‌ಗೆ ತಿರುಗಿದರು.

ಅದರಲ್ಲೂ ಕ್ರೀಡಾ ಅಂಗಡಿ ಯಾಕೆ? ಶೂ, ಗಾಲ್ಫ್ ಕೋಲು, ಟೆನಿಸ್ ರಾಕೆಟ್, ಮೀನು ಹಿಡಿಯುವ ರೀಲು, ಸೈಕಲ್ಲಿನ ಗೇರು. ಹಗುರ ಸಾಮಾನು, ಭಾರಿ ಬೆಲೆ, ಕೈಯಿಂದ ಕೈಗೆ ಬೇಗ ದಾಟುತ್ತವೆ. ಕದ್ದ ಮೊಬೈಲಿಗಾದರೂ ಅದರದೇ ಗುರುತಿನ ಐಎಂಇಐ ನಂಬರ್ ಇದೆ, ಬ್ಲಾಕ್ ಮಾಡಬಹುದು. ಬ್ಯಾಟಿಗೆ ಏನಿದೆ?

ಕಾರ್ಡಿನ ನಂಬರುಗಳೂ ಎಷ್ಟೋ ಸಲ ಇಂಥ ಅಂಗಡಿಗಳಿಂದಲೇ ಹೋಗುತ್ತವೆ. 2021ರ ಅಕ್ಟೋಬರ್‌ನಲ್ಲಿ ಅಮೆರಿಕದ ಟೆನಿಸ್ ವೇರ್‌ಹೌಸ್, ರನ್ನಿಂಗ್ ವೇರ್‌ಹೌಸ್, ಟ್ಯಾಕಲ್ ವೇರ್‌ಹೌಸ್, ಸ್ಕೇಟ್ ವೇರ್‌ಹೌಸ್ ಅನ್ನುವ ನಾಲ್ಕು ಸೋದರ ಅಂಗಡಿಗಳಿಗೆ ಕನ್ನ ಬಿತ್ತು. ಸುಮಾರು 18 ಲಕ್ಷ ಗ್ರಾಹಕರ ವಿವರ ಹೋಯಿತು. ಕಾರ್ಡಿನ ಹಿಂದಿನ ಗುಟ್ಟಿನ ಸಂಖ್ಯೆ ಸಿವಿವಿ ಕೂಡ. ಗ್ರಾಹಕರಿಗೆ ತಿಳಿಸಿದ್ದು ಡಿಸೆಂಬರ್‌ನಲ್ಲಿ. 2019ರಲ್ಲಿ ಕ್ರೀಡಾ ಉಡುಪು, ಶೂ ಮಾರುವ ಫಿಲಾ ಕಂಪನಿಯ ಬ್ರಿಟನ್ ಸೈಟಿನಲ್ಲೂ ಹೀಗೇ ಒಂದು ಕಳ್ಳತನ ಪತ್ತೆಯಾಯಿತು. ದುಡ್ಡು ಕಟ್ಟುವ ಪುಟದೊಳಗೆ ಯಾರೋ ಕೆಲವೇ ಸಾಲು ಕೋಡ್ ಸೇರಿಸಿದ್ದರು. ನೀವು ನಂಬರ್ ಒತ್ತುತ್ತೀರಿ, ಅಂಗಡಿಗೂ ಹೋಗುತ್ತದೆ, ಅದೇ ಗಳಿಗೆಯಲ್ಲಿ ಕಳ್ಳನಿಗೂ ಹೋಗುತ್ತದೆ. ಶೂ ಸರಿಯಾಗಿ ಮನೆಗೆ ಬರುತ್ತದೆ. ಅನುಮಾನ ಯಾಕೆ ಬರುತ್ತದೆ ಹೇಳಿ?

ಈಗ ನಿಮ್ಮ ಆರ್ಡರನ್ನು ಆ ಅಂಗಡಿಯವನ ಕಡೆಯಿಂದ ನೋಡಿ. ಕಾರ್ಡು ಭಾರತದ್ದು, ಪಾರ್ಸೆಲ್ ಹೋಗುವುದು ನ್ಯೂಜೆರ್ಸಿಗೆ, ಹಣ ಕಟ್ಟಿದವರ ಹೆಸರು ಒಂದು, ಪಾರ್ಸೆಲ್ ಮೇಲಿನ ಹೆಸರು ಇನ್ನೊಂದು. ಅಮೆರಿಕದ ಕಾರ್ಡಾದರೆ ಕೊಟ್ಟ ವಿಳಾಸ ಬ್ಯಾಂಕಿನಲ್ಲಿರುವುದಕ್ಕೆ ಹೊಂದುತ್ತದೆಯೇ ಅಂತ ಅವನ ಯಂತ್ರವೇ ತಾಳೆ ನೋಡುತ್ತದೆ. ನಮ್ಮ ಕಾರ್ಡುಗಳಿಗೆ ಆ ಅನುಕೂಲ ಸಿಗುವುದಿಲ್ಲ. ಅವನಿಗೆ ಉಳಿದ ದಾರಿ ಒಂದೇ, ನಿಮ್ಮನ್ನೇ ಕೇಳುವುದು. ದಯವಿಟ್ಟು ಅನ್ನುವ ಮಾತು ಹಾಕಿಯೇ ಕೇಳಿದ್ದಾನೆ. ಆ ಮೇಲ್ ಸಾಚಾ ಹೌದೋ ಅಲ್ವೋ ಅನ್ನುವ ಭಯವಿದ್ದರೆ, ಮೇಲ್‌ನಲ್ಲಿರುವ ನಂಬರ್ ಬಿಟ್ಟು ಅಂಗಡಿಯ ಸೈಟಿನಲ್ಲಿರುವ ನಂಬರಿಗೆ ಫೋನ್ ಮಾಡಬಹುದಿತ್ತು. ನೀವು ಅಂಗಡಿಯನ್ನೇ ಬಿಟ್ಟಿರಿ. ಹೋದದ್ದು ಎಲ್ಲಿಗೆ? ಇಂಥ ನಷ್ಟವನ್ನು ಒಂದು ದಿನದಲ್ಲಿ ಮರೆಯಬಲ್ಲ ದೊಡ್ಡ ಕಂಪನಿಗೆ. ನನಗೆ ನೋವಾದದ್ದು ಇಲ್ಲೇ.

ನಾನು ಓದಿದ್ದು ಶಿವಮೊಗ್ಗದಲ್ಲಿ. ಏಳನೇ ಕ್ಲಾಸಿನಲ್ಲಿ ಅಜ್ಜಿ ಕೊಟ್ಟ ನೂರರ ನೋಟು ಹಿಡಿದು ಗಾಂಧಿ ಬಜಾರಿನ ಕ್ರೀಡಾ ಅಂಗಡಿಗೆ ಬ್ಯಾಟು ಕೊಳ್ಳಲು ಹೋಗಿದ್ದೆ. ಅಂಗಡಿಯವರು ಬ್ಯಾಟನ್ನು ನನ್ನ ಕಾಲಿಗೆ ಒತ್ತಿ ನಿಲ್ಲಿಸಿ ಅಳತೆ ನೋಡಿದರು. ಆಮೇಲೆ ನೋಟು ನೋಡಿದರು. “ಯಾರ ಮಗನೋ ನೀನು?” ಹೇಳಿದೆ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕೆಲಸದ ಹುಡುಗನನ್ನು ಸೈಕಲ್ಲಿನಲ್ಲಿ ನಮ್ಮ ಮನೆಗೆ ಓಡಿಸಿದರು. ಅವನು ಬರುವವರೆಗೆ ನನಗೆ ಅಳು ಒತ್ತಿ ಬರುತ್ತಿತ್ತು, ನನ್ನನ್ನು ಕಳ್ಳ ಅಂದುಕೊಂಡರಲ್ಲ ಅಂತ. ಸಂಜೆ ಅಪ್ಪ ಆ ಅಂಗಡಿಗೆ ಹೋಗಿ ಅವರ ಕೈ ಹಿಡಿದು ಥ್ಯಾಂಕ್ಸ್ ಹೇಳಿ ಬಂದರು. ನೀವೂ ಮೇಷ್ಟ್ರು, ನಿಮ್ಮ ಶಾಲೆಯ ಹುಡುಗನೊಬ್ಬ ಹಾಗೆ ದೊಡ್ಡ ನೋಟು ಹಿಡಿದು ಹೋಗಿದ್ದರೆ ನೀವೂ ಅದನ್ನೇ ಮಾಡುತ್ತಿದ್ದಿರಿ ಅಲ್ವಾ?

ಇನ್ನು ಒಟಿಪಿ ವಿಚಾರ. 2009ರ ಆಗಸ್ಟ್‌ನಿಂದ ನಮ್ಮಲ್ಲಿ ಆನ್‌ಲೈನ್ ಕಾರ್ಡು ವ್ಯವಹಾರಕ್ಕೆ ಒಟಿಪಿಯಂಥ ಎರಡನೇ ಖಾತ್ರಿ ಬೇಕು ಅಂತ ರಿಸರ್ವ್ ಬ್ಯಾಂಕ್ ಮಾಡಿತು. 2014ರಲ್ಲಿ ಟ್ಯಾಕ್ಸಿ ಕಂಪನಿ ಊಬರ್ ತನ್ನ ಬಾಡಿಗೆಯನ್ನು ವಿದೇಶದ ದಾರಿಯಲ್ಲಿ ವಸೂಲಿ ಮಾಡಿ ಈ ನಿಯಮ ದಾಟುತ್ತಿತ್ತು. ರಿಸರ್ವ್ ಬ್ಯಾಂಕ್ ಬಗ್ಗಲಿಲ್ಲ. ಯುರೋಪ್ ಇದೇ ದಾರಿಗೆ ಬಂದದ್ದು 2019ರಿಂದ ಈಚೆಗೆ. 2022ರ ಅಕ್ಟೋಬರ್‌ನಿಂದ ನಮ್ಮಲ್ಲಿ ಅಂಗಡಿಗಳು ಕಾರ್ಡಿನ ನಂಬರನ್ನೇ ಇಟ್ಟುಕೊಳ್ಳುವ ಹಾಗಿಲ್ಲ, ಬದಲಿಗೆ ಟೋಕನ್ ಅನ್ನುವ ಒಂದು ಸಂಕೇತ ಸಂಖ್ಯೆ. ಮನೆ ಮಂದಿಯೆಲ್ಲ ಬೈದುಕೊಳ್ಳುವ ಈ ನಿಯಮಗಳಿಂದ ಜಯನಗರದ ಸಣ್ಣ ಅಂಗಡಿಯವನೊಬ್ಬ ಸೈಟು ತೆರೆದು ನೆಮ್ಮದಿಯಾಗಿ ಮಲಗಬಹುದು. ಡಾಲಸ್‌ನ ನಮ್ಮ ಹುಡುಗನಿಗೆ ಆ ನೆಮ್ಮದಿ ಇಲ್ಲ. ಅಲ್ಲೂ ಎರಡನೇ ಖಾತ್ರಿ ಕೇಳುವ ವ್ಯವಸ್ಥೆ ಇದೆ, ಆದರೆ ಗ್ರಾಹಕ ಅರ್ಧದಲ್ಲೇ ಬಿಟ್ಟು ಓಡುತ್ತಾನೆ ಅನ್ನುವ ಹೆದರಿಕೆಗೆ ಎಷ್ಟೋ ಅಂಗಡಿಯವರು ಹಾಕಿಕೊಳ್ಳುವುದಿಲ್ಲ. ಆ ಹೆದರಿಕೆ ಸುಳ್ಳಲ್ಲ ಅಂತ ನಿಮ್ಮ ಪತ್ರವೇ ಹೇಳುತ್ತಿದೆ.

ನಮ್ಮ ಕಾರ್ಡಿನ ನಂಬರ್ ವಿದೇಶದ ಸೈಟಿಗೆ ಸಿಕ್ಕರೆ ಎಷ್ಟೋ ಕಡೆ ಒಟಿಪಿ ಇಲ್ಲದೆಯೇ ದುಡ್ಡು ಹೋಗುತ್ತದೆ, ನೀವೇ ನೋಡಿದ್ದೀರಿ. ಊರಿಗೆ ಬಂದಮೇಲೆ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆಯನ್ನು ಆಫ್ ಮಾಡಿ. ಗೊತ್ತಿಲ್ಲದ ಖರ್ಚು ಕಂಡರೆ ಅವತ್ತೇ ಬ್ಯಾಂಕಿಗೆ ತಿಳಿಸಿ, ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರು ಮಾಡಿದ ಮೋಸವಾದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವರ ಮೇಲೆ ಹೊಣೆ ಇಲ್ಲ ಅಂತ 2017ರಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿತು.

ಅರ್ಧ ಬೆಲೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹೊಸ ಬ್ಯಾಟು ಅರ್ಧ ಬೆಲೆಗೆ ಯಾಕೆ ಸಿಗುತ್ತಿದೆ ಅಂತ ನಾವು ಕೇಳುವುದನ್ನೇ ಬಿಟ್ಟಿದ್ದೇವೆ. ತರಕಾರಿಯವಳು ಹತ್ತು ರೂಪಾಯಿ ಕಡಿಮೆ ಹೇಳಿದರೆ ಕೊಳೆತಿದೆಯಾ ಅಂತ ತಿರುಗಿಸಿ ನೋಡುತ್ತೇವೆ. ಮೊಬೈಲಿನಲ್ಲಿ ಸಾವಿರಗಟ್ಟಲೆ ಕಡಿಮೆ ಹೇಳಿದರೆ ತಕ್ಷಣ ಕೊಳ್ಳುತ್ತೇವೆ. ವಿದೇಶಕ್ಕೆ ಓದಲು ಹೋದ ನಮ್ಮ ಮಕ್ಕಳಿಗೂ ಹೇಳಿ. ಮನೆಯಲ್ಲಿ ಕೂತು ಪಾರ್ಸೆಲ್ ಪಡೆದು ಬೇರೆ ವಿಳಾಸಕ್ಕೆ ಕಳಿಸಿದರೆ ಸಂಬಳ ಅನ್ನುವ ಕೆಲಸ ಬಂದರೆ ಒಪ್ಪಬೇಡಿ ಅಂತ. ಆ ಪೆಟ್ಟಿಗೆಗಳಲ್ಲಿ ಇರುವುದು ಎಷ್ಟೋ ಸಲ ಕದ್ದ ಕಾರ್ಡಿನಿಂದ ತರಿಸಿದ ಇಂಥದೇ ಶೂ, ಇಂಥದೇ ಬ್ಯಾಟು. ಪೊಲೀಸರು ಮೊದಲು ಬರುವುದು ಪೆಟ್ಟಿಗೆ ಇಳಿದ ಮನೆಗೆ.

ಅಕ್ಕನ ಮಗ ಈಗ ಕಾರ್ಡಿನ ವಿಳಾಸ, ಪಾರ್ಸೆಲ್ ವಿಳಾಸ ಬೇರೆ ಬೇರೆ ಇದ್ದರೆ ಫೋನ್ ಮಾಡಿಯೇ ಕಳಿಸುತ್ತಾನೆ. ಕೆಲವರು ಸಂತೋಷದಿಂದ ಮಾತಾಡುತ್ತಾರಂತೆ, ಬ್ಯಾಟಿನ ತೂಕ ವಿಚಾರಿಸುತ್ತಾರಂತೆ. ಕೆಲವರು ಬೈದು ಕ್ಯಾನ್ಸಲ್ ಮಾಡುತ್ತಾರೆ.

ಮೇಷ್ಟ್ರೇ, ಆ ಶೂ ಅಂಗಡಿಯ ಮೇಲ್ ನಿಮ್ಮ ಇನ್‌ಬಾಕ್ಸಿನಲ್ಲಿ ಇನ್ನೂ ಇರಬಹುದು. ಹುಡುಕಿ, ಎರಡು ಸಾಲು ಉತ್ತರ ಬರೆಯಿರಿ. ಬೆಳೆಯುವ ಮಕ್ಕಳ ಪಾದ ಆರು ತಿಂಗಳಿಗೆ ಒಂದು ಸೈಜ್ ದಾಟುತ್ತದೆ. ಮುಂದಿನ ಜೋಡಿಯನ್ನು ಅಲ್ಲೇ ತರಿಸಲು ಮಗನಿಗೆ ಹೇಳಿ.