ಅಳುವುದು ಈಗಲೇ ಬೇಕಾ?

ಪ್ರಶ್ನಾವಳಿ ಹಿಡಿದು ಮನೆಮನೆ ಸುತ್ತಿ ಸಂದರ್ಶನ ಮಾಡುವ ಹುಡುಗ ಹುಡುಗಿಯರು ಆಪ್ತಸಲಹೆಗೆಂದು ನನ್ನ ಹತ್ತಿರ ಬರುವುದು ಈಚೆಗೆ ಜಾಸ್ತಿಯಾಗಿದೆ. ರಾತ್ರಿ ನಿದ್ದೆ ಇಲ್ಲ, ಕೆಲಸ ಬಿಡ್ತೇನೆ ಅನ್ನುತ್ತಾರೆ. ಅವರಲ್ಲಿ ಒಬ್ಬಳ ವಿಷಯವನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಶಾಲಿನಿ ಅಂತಿಟ್ಟುಕೊಳ್ಳಿ. ಗುರುತು ಸಿಗುವ ವಿವರ ಬದಲಿಸಿದ್ದೇನೆ.

ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಓದಿದವಳು. ಕಾಸರಗೋಡಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕದಿಂದ ಪೀಡಿತರಾದ ಮಕ್ಕಳ ತಾಯಂದಿರನ್ನು ಮಾತಾಡಿಸುವ ಅಧ್ಯಯನವೊಂದಕ್ಕೆ ಸೇರಿದ್ದಳು. ಕನ್ನಡ, ತುಳು, ಮಲಯಾಳ ಮೂರೂ ಬರುತ್ತದೆ ಅಂತಲೇ ಕೆಲಸ ಸಿಕ್ಕಿದ್ದು. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಆ ವಿಷ ಸಿಂಪಡಿಸುವುದು ನಿಂತದ್ದು 2000ದ ಹೊತ್ತಿಗೆ. ಅಲ್ಲಿಂದೀಚೆಗೆ ಎಣ್ಮಕಜೆ, ಬೆಳ್ಳೂರು ಕಡೆಯ ಮನೆಗಳ ಜಗಲಿಯಲ್ಲಿ ಡಾಕ್ಟರು, ಪತ್ರಕರ್ತರು, ಸರ್ವೆಯವರು ಬಂದು ಕೂತದ್ದಕ್ಕೆ ಲೆಕ್ಕ ಇಲ್ಲ.

ಮೊದಲ ಸಲ ಬಂದಾಗ ಬರೀ ಸುಸ್ತು, ತಲೆನೋವಿನ ಮಾತಾಡಿ ಹೋದಳು. ಎರಡನೇ ಸಲ ಕೂತವಳೇ ಶುರು ಮಾಡಿದಳು.

"ಒಬ್ಬರು ತಾಯಿ ಮಗನನ್ನು ಗೋಡೆಗೆ ಒರಗಿಸಿ ಗಂಜಿ ಉಣ್ಣಿಸ್ತಾ ಇದ್ರು ಮೇಡಂ. ನಾನು ಅವನು ಹುಟ್ಟಿದ ದಿನದ ಪ್ರಶ್ನೆಗೆ ಬಂದಿದ್ದೆ. ಚಮಚ ಬಟ್ಟಲಲ್ಲಿಟ್ಟು ಕೇಳಿದ್ರು: 'ಅಳುವುದು ಈಗಲೇ ಬೇಕಾ ಮಗಾ, ಚಾ ಆದ ಮೇಲೆ ಸಾಕಾ? ಟಿವಿಯವರಿಗೆ ಮೊದಲೇ ಬೇಕಿತ್ತು.' ಕೊಂಕು ಮಾತಲ್ಲ ಅದು. ನಿಜವಾಗಿಯೇ ಕೇಳಿದ್ದು."

"ನೀನೇನು ಹೇಳಿದೆ?"

"ಇದರಿಂದ ಖಂಡಿತ ಏನಾದ್ರೂ ಸಿಗ್ತದೆ ಅಕ್ಕ, ಅಂದೆ."

"ಸಿಗ್ತದಾ?"

"ಇಲ್ಲ. ವರದಿ ಆಗ್ತದೆ, ಅಷ್ಟೇ."

"ಮತ್ತೆ ಆ ಮಾತು ಯಾರಿಗೆ ಹೇಳಿದ್ದು?"

ಬ್ಯಾಗಿನ ಜಿಪ್ ಎಳೆಯುತ್ತಾ, ಬಿಡುತ್ತಾ ಕೂತಳು. ಆಮೇಲೆ, "ನನಗೇ ಹೇಳಿಕೊಂಡದ್ದು ಮೇಡಂ. ಬರಿಗೈಯಲ್ಲಿ ಎದ್ದು ಬರ್ಲಿಕ್ಕೆ ಆಗ್ಲಿಲ್ಲ" ಅಂದಳು.

ನಿದ್ದೆ ಕೆಡಿಸಿದ್ದು ಆ ತಾಯಿಯ ಕಷ್ಟ ಅಂತ ಅವಳೂ ತಿಳಿದಿದ್ದಳು, ನಾನೂ ಮೊದಲು ಹಾಗೇ ನೋಡಿದ್ದೆ. ಕೆಡಿಸಿದ್ದು ಆ ಸುಳ್ಳು ಭರವಸೆ. ಎಂಡೋಸಲ್ಫಾನ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಕೇರಳ ಸರ್ಕಾರಕ್ಕೆ ಆದೇಶ ಕೊಟ್ಟಿತು. ಹಣ ಬರಬೇಕಾದರೆ ಸರ್ಕಾರದ ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿರಬೇಕು. ಹಾಗಿರುವಾಗ ಪೆನ್ನು ಪುಸ್ತಕ ಹಿಡಿದು ಯಾರೇ ಬಂದರೂ ಪಟ್ಟಿಯವರೇ ಇರಬೇಕು ಅಂತ ಅನ್ನಿಸುತ್ತದೆ, ಅಲ್ವಾ? ಅಂಥ ಮನೆಯಲ್ಲಿ "ಏನಾದ್ರೂ ಸಿಗ್ತದೆ" ಅನ್ನುವುದು ಸಣ್ಣ ಮಾತಲ್ಲ.

ಕೆಲಸ ಬಿಡು ಅಂತ ನಾನು ಹೇಳಲಿಲ್ಲ. ಅದೇ ಮನೆಗೆ ಮತ್ತೆ ಹೋಗು ಅಂದೆ. ಹಣವಾಗಲಿ ಪಟ್ಟಿಯಲ್ಲಿ ಹೆಸರಾಗಲಿ ಇದರಿಂದ ಬರುವುದಿಲ್ಲ ಅಂತ ಮೆಟ್ಟಿಲಲ್ಲೇ ಹೇಳು. ಬೇಡ ಅಂದರೆ ವಾಪಸ್ ಬಾ. ಕೂರಿಸಿದರೆ ಹಿಂದೆ ಬರೆದುಕೊಂಡದ್ದನ್ನು ಓದಿ ಹೇಳು, ಅವರು ತೆಗೆಯೆಂದದ್ದನ್ನು ತೆಗೆ. ಪ್ರಶ್ನೆಯಲ್ಲಿ "ಯಾಕೆ" ಬಂದಲ್ಲೆಲ್ಲ "ಆಗ ಏನಾಯ್ತು" ಅಂತ ಮಾಡಿಕೋ. "ಯಾಕೆ ಬೇಗ ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಲ್ಲ?" ಅಂದ ತಕ್ಷಣ ತಾಯಿ ಕಟಕಟೆಯಲ್ಲಿ ನಿಂತ ಹಾಗಾಗುತ್ತದೆ. ಕೈಯಿಂದ ಇನ್ನೂರೋ ಮುನ್ನೂರೋ ಕೊಟ್ಟು ಬರಬೇಡ. ನೆರವಾಗಲೇಬೇಕು ಅನ್ನಿಸಿದರೆ ದೀರ್ಘಕಾಲದ ರೋಗಿಗಳ ಆರೈಕೆ ನೋಡುವ ಪಾಲಿಯೇಟಿವ್ ನರ್ಸ್‌ಗೋ ಪಂಚಾಯತಿನವರಿಗೋ ವಿಷಯ ಮುಟ್ಟಿಸು.

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು, "ಇಷ್ಟು ದಣಿದ ಹುಡುಗಿಯನ್ನು ಮತ್ತೆ ಅಲ್ಲಿಗೇ ಕಳಿಸಿದ್ದು ಅನ್ಯಾಯ" ಅಂದರು. ಇರಬಹುದು. ಆದರೆ ಅವಳು ಬಿಟ್ಟರೆ ಆ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ, ಬಹುಶಃ ತುಳು ಬಾರದವಳು. ಆ ಸುಳ್ಳನ್ನಂತೂ ಇವಳೇ ಹೋಗಿ ವಾಪಸ್ ತಗೊಳ್ಳಬೇಕಿತ್ತು. ಇನ್ನೂ ಒಂದು. ಸಂದರ್ಶನ ಮಾಡುವವರು ಅರ್ಧ ಆಪ್ತಸಲಹೆಗಾರರಾಗಬೇಕು ಅಂತ ತರಬೇತಿಗಳಲ್ಲಿ ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ನನ್ನ ಹತ್ತಿರ ಬರುವವರು ತಾವಾಗಿ ಬರುತ್ತಾರೆ. ಆ ತಾಯಿಯ ಮನೆಗೆ ಇವಳೇ ಹೋದದ್ದು. ಗಾಯ ಬಿಚ್ಚಿಸಿ, ಒಂದು ಗಂಟೆ ಕೂತು, ಬಸ್ಸು ಹಿಡಿಯುವವರು ಸಮಾಧಾನ ಹೇಳಲು ಹೋಗಬಾರದು. ಕೇಳಬೇಕು, ಸರಿಯಾಗಿ ಬರೆದುಕೊಳ್ಳಬೇಕು, ಸಾಕು ಅಂದಾಗ ನಿಲ್ಲಿಸಬೇಕು.

ಶಾಲಿನಿ ಹೋದಳು. "ಗೊತ್ತುಂಟು ಮಗಾ, ನಿನ್ನ ಹತ್ತಿರ ಎಲ್ಲಿಂದ ಬರ್ಬೇಕು ಹಣ" ಅಂದರಂತೆ ಆ ತಾಯಿ. ಓದಿ ಹೇಳಿದಾಗ ಗಂಡನ ಕುಡಿತದ ಎರಡು ಸಾಲು ತೆಗೆಸಿದರು. ಮಗನಿಗೆ ಯಕ್ಷಗಾನದ ಚೆಂಡೆ ಕೇಳಿದರೆ ಖುಷಿ ಅನ್ನುವುದನ್ನು ಸೇರಿಸಲು ಹೇಳಿದರು. ಪ್ರಶ್ನಾವಳಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ, ಅಂಚಿನಲ್ಲಿ ಬರೆದುಕೊಂಡಳು.

ನಿದ್ದೆ ಈಗ ಪರವಾಗಿಲ್ಲ. ದಿನಕ್ಕೆ ನಾಲ್ಕು ಮನೆ ಮುಗಿಸಬೇಕು ಅನ್ನುವ ಒತ್ತಡ ಮಾತ್ರ ಹಾಗೇ ಇದೆ. ಎರಡಕ್ಕೆ ಇಳಿಸಿ ಅಂತ ಮೇಲಿನವರಿಗೆ ಬರೆಯಲು ಹೇಳಿದ್ದೇನೆ.